ಬೆರಳಚ್ಚಿಲ್ಲದ ಸಹಿ

ರೇಷನ್ ಅಂಗಡಿಯ ಯಂತ್ರ ನನ್ನನ್ನು ಗುರುತಿಸುವುದಿಲ್ಲ.
ಹದಿನಾರು ವರ್ಷ ಕುದಿನೀರಿಗೆ ಕೊಟ್ಟ ಬೆರಳು,
ಗೆರೆಗಳೆಲ್ಲ ನೂಲಿನ ಜೊತೆ ಸುತ್ತಿಕೊಂಡು ಹೋಗಿವೆ.
ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಯಾರನ್ನೇ ಕೇಳಿ,
ಚರಕದ ಹೆಂಗಸರಿಗೆ ಹೆಬ್ಬೆಟ್ಟಿಲ್ಲ.

ಹಾಜಿರಾ ಬೆಳಿಗ್ಗೆ ಎದ್ದೊಡನೆ ವಾಂತಿ ಮಾಡಿದಾಗ
ಹುಳದ ವಾಸನೆಗೆ ಅಂದೆ. ಎರಡನೇ ವಾರವೂ ಅದನ್ನೇ ಅಂದೆ.
ಕುಂಟೆಬಿಲ್ಲೆಯಲ್ಲಿ ದಿನಾ ಗೆರೆ ತುಳಿಯುತ್ತಾಳೆಂದು
ಗೆಳತಿಯರು ಆಟದಿಂದ ತೆಗೆದರು.
ತಲೆ ವಾಲಿಸಿ ನೋಡುವುದು ಹೊಸ ಚೇಷ್ಟೆಯೆಂದು
ಅವಳಪ್ಪ ಒಂದು ಸಲ ಗದರಿದರು ಕೂಡ.
ಆ ಗದರಿಕೆಯನ್ನು ಅವರಿನ್ನೂ ಎಲ್ಲೂ ಇಳಿಸಿಲ್ಲ,
ಹೊತ್ತುಕೊಂಡೇ ಗೂಡಿನ ಮಾರುಕಟ್ಟೆಗೆ ಹೋಗುತ್ತಾರೆ.

ಕಿರುಮೆದುಳಿನ ಹತ್ತಿರ, ಜೋಡಿಗೂಡಿನಷ್ಟು ಗಾತ್ರ.
ತೆಗೆದರು. ತೆಗೆದ ಮೇಲೆ ಡಾಕ್ಟರು ವಾರಿಜಾ
ಚೀಟಿಯ ಹಿಂದೆ ನಾಲ್ಕು ಸೊನ್ನೆ ಬರೆದು ತೋರಿಸಿದರು:
"ಮೊದಲು ಇದಕ್ಕೆ ಒಂದೇ ಹೆಸರು, ಒಂದೇ ಮದ್ದು,
ಎಲ್ಲ ಮಕ್ಕಳ ತಲೆಗೂ ಬೆನ್ನಿಗೂ ಅಷ್ಟೇ ಕಿರಣ.
ಉಳಿದವರು ಉಳಿದರು. ಆದರೆ ಮಗ್ಗಿ ಮರೆತರು,
ಎತ್ತರ ಬೆಳೆಯಲಿಲ್ಲ.
ಈಗ ಗಡ್ಡೆಯ ಒಳಗಿನ ಬರಹ ಓದಲು ಬರುತ್ತದೆ.
ಒಂದೇ ಹೆಸರಿನಲ್ಲಿ ನಾಲ್ಕು ಮನೆತನ ಇವೆಯಮ್ಮ,
ನಿಮ್ಮ ಮಗಳದ್ದು ಅದರಲ್ಲಿ ಸ್ವಲ್ಪ ಸೌಮ್ಯ.
ಕಿರಣ ಕಡಿಮೆ ಕೊಟ್ಟರೆ ಸಾಕೇ ಎಂದು ಪರೀಕ್ಷೆ ನಡೆದಿದೆ."

ಅರ್ಥವಾಯಿತು ಅಂದೆ. ಅವರು ನಂಬಲಿಲ್ಲ.
ಜಾಲರಿಗೆ ಸುರಿದ ಲಾಟು ಹೊರಗೆ ಒಂದೇ ಬಿಳುಪು.
ಬೆರಳಲ್ಲಿ ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ,
ಮೂವತ್ತು ವರ್ಷ ಹರಾಜು ಕೂಗಿದವರೂ ಮೋಸ ಹೋಗುತ್ತಾರೆ.
ಬೇಸಿನ್ನಿನಲ್ಲಿ ಬೆಂದು ಎಳೆ ಬಿಟ್ಟಾಗಲೇ ತಿಳಿಯೋದು
ಯಾವುದು ಬಿಚ್ಚುತ್ತೆ, ಯಾವುದು ಹರಿಯುತ್ತೆ,
ಯಾವುದಕ್ಕೆ ಎಷ್ಟು ಬಿಸಿ ಸಾಕು.
ಎಲ್ಲಕ್ಕೂ ಒಂದೇ ಕುದಿ ಕೊಡುವವಳು
ನಮ್ಮಲ್ಲಿ ಇನ್ನೂ ಕೆಲಸ ಕಲಿಯದವಳು.

"ಇದೆಲ್ಲ ಹೇಗೆ ತಿಳೀತು?"
"ಹಿಂದಿನ ಮಕ್ಕಳಿಂದ. ಅವರ ಚೂರುಗಳನ್ನು ತಣ್ಣಗೆ ಇಟ್ಟಿದ್ದರು."
"ಆ ಮಕ್ಕಳು ಈಗ?"
ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.

ಪಕ್ಕದ ಮಂಚದಲ್ಲಿ ಬಾಗೇಪಲ್ಲಿಯ ಗಂಗುಲಮ್ಮ.
ಅವಳ ಮಗನದ್ದು ಮೆದುಳಿನ ಕಾಂಡದಲ್ಲಿ, ಚಾಕು ಹೋಗದ ಜಾಗ.
ಹೊಸ ಗುಳಿಗೆ ಬಂದಿದೆಯಂತೆ,
ಕೆಲವರಿಗೆ ಕೆಲವು ತಿಂಗಳು ಕೊಡುತ್ತದಂತೆ.
"ಕೆಲವು" ಎಂಬುದನ್ನು ಅವಳು ತೆಲುಗಿನಲ್ಲಿ ಎಣಿಸಿದಳು,
ನಾನು ಉರ್ದುವಿನಲ್ಲಿ.
ಎರಡರಲ್ಲೂ ಅದಕ್ಕೆ ಅಂಕಿ ಇರಲಿಲ್ಲ.

ಒಪ್ಪಿಗೆಯ ಕಾಗದ ಬಂತು.
ಚೂರೊಂದನ್ನು ಸಂಶೋಧನೆಗೆ ಇಟ್ಟುಕೊಳ್ಳಬಹುದೇ?
ಡಬ್ಬಿಯ ಮೇಲೆ ಹೆಸರಿರದು, ನಂಬರು ಮಾತ್ರ.
ನನ್ನ ಕೈ ನೋಡಿ ನರ್ಸು ಶಾಯಿಯ ಪ್ಯಾಡು ತಂದಳು.
ಒತ್ತಿದೆ. ಕಪ್ಪು ಮಚ್ಚೆ ಬಿತ್ತು, ಗೆರೆ ಬೀಳಲಿಲ್ಲ.
ಪೆನ್ನು ಕೊಡಿ ಅಂದೆ.
ಮೂರನೇ ಕ್ಲಾಸು ಬಿಟ್ಟ ಮೇಲೆ ಮೊದಲ ಸಲ ಬರೆದೆ: ನಸೀಬಾ.
ದೀರ್ಘ ಎಲ್ಲಿ ಬರುತ್ತೆ ಎಂದು ಗಂಗುಲಮ್ಮನನ್ನು ಕೇಳಿದೆ.
ಅವಳು ತನ್ನ ಕಾಗದಕ್ಕೆ ಆಗಲೇ ಸಹಿ ಹಾಕಿಯಾಗಿತ್ತು,
ಸೂಜಿಯಲ್ಲಿ ತೆಗೆದ ಅಕ್ಕಿಕಾಳಿನಷ್ಟಕ್ಕೆ.

ಈಗ ಹಾಜಿರಾಳ ಕೂದಲು ಗುಂಗುರಾಗಿ ಬಂದಿದೆ,
ನಮ್ಮ ಕಡೆ ಯಾರಿಗೂ ಇಲ್ಲದ ಗುಂಗುರು.
ಏಳರ ಮಗ್ಗಿಯಲ್ಲಿ ನಿಂತಿದ್ದಾಳೆ, ನಿಲ್ಲಲಿ.
"ನನ್ನ ಚೂರನ್ನ ಅವರು ಏನ್ ಮಾಡ್ತಾರಮ್ಮಿ?"
"ಎಳೆಯ ತುದಿ ಹುಡುಕ್ತಾರೆ."
"ಸಿಕ್ಕಿತಾ?"

ಒಂದು ಗೂಡಿನ ಎಳೆ ಮುಗಿದರೆ
ಇನ್ನೊಂದರ ತುದಿಯನ್ನು ಓಡುವ ನೂಲಿಗೆ ಎಸೆಯುತ್ತೇವೆ,
ಅಂಟಿಕೊಳ್ಳುತ್ತೆ. ಗಂಟು ಹಾಕುವುದಿಲ್ಲ.
ಸೀರೆ ಉಟ್ಟವರಿಗೆ ಅದು ಯಾವ ಜಾಗವೆಂದು ತಿಳಿಯದು.

ಗಂಗುಲಮ್ಮನ ನಂಬರು ಫೋನಿನಲ್ಲಿದೆ.
ಹಬ್ಬಕ್ಕೆ ಮಾಡೋಣ ಅಂದುಕೊಂಡೆ.
ಹಬ್ಬ ಎರಡು ಹೋದವು.